ಸಾರೋಟು, ಪೀಠ, ಪದಕ: ಪ್ರಾಧ್ಯಾಪಕರನ್ನು ನಾವು ಗೌರವಿಸಿದ ಬಗೆ



ದೂರದರ್ಶನದಲ್ಲಿ ಯಾರಾದರೂ ಮಾತನಾಡುತ್ತಿರುವಾಗ ಪರದೆಯ ಕೆಳಭಾಗದಲ್ಲಿ ಅವರ ಹೆಸರು, ಅದರ ಕೆಳಗೆ ಅವರು ಯಾರೆಂದು ತಿಳಿಸುವ ಒಂದು ಸಾಲು ಮೂಡಿ ಮರೆಯಾಗುವುದನ್ನು ನೀವು ನೋಡಿದ್ದೀರಿ. ಆ ಸಾಲನ್ನು ಬರೆದುಕೊಡುವುದು ನಮ್ಮಂಥ ನಿರ್ಮಾಪಕರ ಕೆಲಸ. ಕೆಲವು ವರ್ಷಗಳ ಹಿಂದೆ ನಮ್ಮ ಮಾತುಕತೆಯ ಕಾರ್ಯಕ್ರಮಕ್ಕೆ ನನ್ನ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರನ್ನು ಕರೆಸಿದ್ದೆ. ತಾಲ್ಲೂಕು ಕೇಂದ್ರವೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿ ನಿವೃತ್ತರಾದವರು ಅವರು. ಧ್ವನಿಮುದ್ರಣಕ್ಕೆ ಮೊದಲು ಕಾಗದ ಪೆನ್ನು ಹಿಡಿದು, “ಸಾರ್, ತಮಗೆ ಬಂದಿರುವ ಪ್ರಶಸ್ತಿಗಳು?” ಎಂದು ಕೇಳಿದೆ. “ಏನೂ ಇಲ್ಲಪ್ಪ. ನಿವೃತ್ತ ಅಧ್ಯಾಪಕರು ಅಂತ ಹಾಕು, ಸಾಕು” ಎಂದರು. ಹಾಗೇ ಹಾಕಿದೆವು.

ಆ ಸಾಲು ಮಾತ್ರ ನನ್ನ ಮನಸ್ಸಿನಿಂದ ಹೋಗಲಿಲ್ಲ. ಚೆನ್ನಾಗಿ ಪಾಠ ಹೇಳಿದವರನ್ನು ಗುರುತಿಸುವ ಏರ್ಪಾಡು ನಮ್ಮ ದೇಶದಲ್ಲಿ ಇರಲಿಲ್ಲವೆ? ಇದ್ದರೆ ಅದು ಯಾರನ್ನು ಗುರುತಿಸಿತು, ಏನನ್ನು ನೋಡಿ ಗುರುತಿಸಿತು? ಇದನ್ನು ಹುಡುಕುತ್ತ ಹೋದಾಗ ಸಿಕ್ಕಿದ ಸಂಗತಿಗಳನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಮೈಸೂರಿಗೆ ಹೋಗೋಣ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಎರಡು ವರ್ಷಗಳ ತರುವಾಯ, 1918ರಲ್ಲಿ, ಮಹಾರಾಜ ಕಾಲೇಜಿಗೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಸರ್ವೇಪಲ್ಲಿ ರಾಧಾಕೃಷ್ಣನ್ ಬಂದರು. ಆಗ ಅವರ ವಯಸ್ಸು ಮೂವತ್ತರ ಆಸುಪಾಸು. ಇಲ್ಲಿದ್ದದ್ದು ಮೂರೇ ವರ್ಷ. 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯ ಅವರನ್ನು ತನ್ನ ಐದನೆಯ ಜಾರ್ಜ್ ಪೀಠಕ್ಕೆ ಆಹ್ವಾನಿಸಿತು. ಹೊರಡುವ ದಿನ ವಿದ್ಯಾರ್ಥಿಗಳು ಸಾರೋಟನ್ನು ಹೂವಿನಿಂದ ಸಿಂಗರಿಸಿ, ಕುದುರೆಗಳನ್ನು ಬಿಚ್ಚಿ, ನೊಗಕ್ಕೆ ತಾವೇ ಹೆಗಲು ಕೊಟ್ಟು ತಮ್ಮ ಗುರುಗಳನ್ನು ಮೈಸೂರಿನ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು.

ಈ ಪ್ರಸಂಗವನ್ನು ನೀವು ಸೆಪ್ಟೆಂಬರ್ 5ರ ಭಾಷಣಗಳಲ್ಲಿ ಕೇಳಿಯೇ ಇರುತ್ತೀರಿ. ಹಲವು ಬಾರಿ ಕೇಳಿದ್ದರಿಂದ ಅದರ ಒಂದು ವಿಶೇಷ ನಮ್ಮ ಕಣ್ಣಿಗೆ ಬೀಳುವುದಿಲ್ಲ. ರಾಧಾಕೃಷ್ಣನ್ ಆಗಲೇ ಗ್ರಂಥಕರ್ತರು. ಠಾಕೂರರ ತತ್ತ್ವದರ್ಶನವನ್ನು ಕುರಿತ ಅವರ ಪುಸ್ತಕ 1918ರಲ್ಲೇ ಬಂದಿತ್ತು, 1920ರಲ್ಲಿ ಇನ್ನೊಂದು. ಕಲ್ಕತ್ತಾದವರು ಅವರನ್ನು ಕರೆಸಿಕೊಂಡದ್ದರಲ್ಲಿ ಆ ಬರಹಗಳ ಪಾತ್ರ ದೊಡ್ಡದು. ಆದರೆ ಹುಡುಗರು ಬಂಡಿ ಎಳೆದದ್ದು ಪುಸ್ತಕಗಳಿಗಾಗಿ ಅಲ್ಲ; ದಿನವೂ ತರಗತಿಯಲ್ಲಿ ಕುಳಿತು ಕೇಳಿದ ಪಾಠಕ್ಕಾಗಿ. ಒಬ್ಬರೇ ವ್ಯಕ್ತಿಗೆ, ಒಂದೇ ವರ್ಷದಲ್ಲಿ, ಎರಡು ಬೇರೆ ಬೇರೆ ಗೌರವಗಳು ಸಂದವು. ಒಂದನ್ನು ವಿದ್ವಾಂಸರು ಬರಹ ನೋಡಿ ಕೊಟ್ಟರು. ಇನ್ನೊಂದನ್ನು ವಿದ್ಯಾರ್ಥಿಗಳು ಪಾಠ ಕೇಳಿ ಕೊಟ್ಟರು.

ಇದರಲ್ಲಿ ಇನ್ನೊಂದು ಸ್ವಾರಸ್ಯವೂ ಇದೆ. ರಾಧಾಕೃಷ್ಣನ್ ಅವರಿಗಿಂತ ಮೊದಲು ಕಲ್ಕತ್ತಾದಲ್ಲಿ ಆ ಪೀಠದಲ್ಲಿದ್ದವರು ಬ್ರಜೇಂದ್ರನಾಥ ಸೀಲ್. ಅವರು ಅಲ್ಲಿಂದ ಬಂದದ್ದು ಮೈಸೂರು ವಿಶ್ವವಿದ್ಯಾನಿಲಯಕ್ಕೆ, ಕುಲಪತಿಯಾಗಿ. ಕಲ್ಕತ್ತಾದ ಪೀಠಸ್ಥರು ಮೈಸೂರಿಗೆ, ಮೈಸೂರಿನ ಪ್ರಾಧ್ಯಾಪಕರು ಕಲ್ಕತ್ತಾದ ಪೀಠಕ್ಕೆ!

‘ಪೀಠ’ ಎಂಬ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಯಾರೋ ದಾನಿ, ಅಥವಾ ಸರ್ಕಾರ, ಒಂದು ಹುದ್ದೆಗೆ ಶಾಶ್ವತವಾಗಿ ಹಣ ತೆಗೆದಿಟ್ಟು, ಅದಕ್ಕೊಂದು ಹೆಸರಿಟ್ಟು, ಆ ಹುದ್ದೆಗೆ ಹೆಸರಾಂತ ವಿದ್ವಾಂಸರನ್ನು ಮಾತ್ರ ಕೂರಿಸುವ ಪದ್ಧತಿ ಇದು. ಯೂರೋಪಿನಲ್ಲಿ ಇದು ಹಳೆಯದು. ಕೇಂಬ್ರಿಜ್‌ನಲ್ಲಿ ನ್ಯೂಟನ್ ಕುಳಿತಿದ್ದ ಲ್ಯೂಕೇಸಿಯನ್ ಪೀಠ 1663ರಲ್ಲಿ ಸ್ಥಾಪನೆಯಾದದ್ದು. ನ್ಯೂಟನ್ 1669ರಲ್ಲಿ ಅದಕ್ಕೆ ಬಂದರು. ಅವರ ಪಾಠಕ್ಕೆ ಬರುತ್ತಿದ್ದವರು ತೀರ ಕಡಿಮೆ. ಅರ್ಥವಾಗುತ್ತಿದ್ದುದು ಅದಕ್ಕಿಂತ ಕಡಿಮೆ ಜನಕ್ಕೆ. ಕೆಲವೊಮ್ಮೆ ಕೇಳುವವರೇ ಇಲ್ಲದೆ ಗೋಡೆಗಳಿಗೇ ಪಾಠ ಓದುತ್ತಿದ್ದರೆಂದು ಅವರ ಲಿಪಿಕಾರರೇ ಬರೆದಿಟ್ಟಿದ್ದಾರೆ. ವಿಜ್ಞಾನ ಓದಿದ ನನಗೆ ನ್ಯೂಟನ್ನರ ಬಗ್ಗೆ ಹಗುರವಾಗಿ ಮಾತನಾಡುವ ಧೈರ್ಯವಿಲ್ಲ. ಆದರೂ ಜಗತ್ತಿನ ಅತಿ ಗೌರವಾನ್ವಿತ ಪೀಠಗಳಲ್ಲಿ ಒಂದರಲ್ಲಿದ್ದವರ ತರಗತಿ ಖಾಲಿಯಾಗಿತ್ತು ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ದೇಶದಲ್ಲಿ ಪೀಠಗಳಿಗೆ ಒಂದು ಹೊಸ ಅರ್ಥ ತಂದವರು ಕಲ್ಕತ್ತಾದ ಆಶುತೋಷ ಮುಖರ್ಜಿ. 1912ರಲ್ಲಿ ತಾರಕನಾಥ ಪಾಲಿತ್, 1913ರಲ್ಲಿ ರಾಸಬಿಹಾರಿ ಘೋಷ್, ಇಬ್ಬರು ವಕೀಲರು ತಾವು ದುಡಿದ ದೊಡ್ಡ ಮೊತ್ತವನ್ನು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಆ ಪೀಠಗಳಲ್ಲಿ ಭಾರತೀಯರೇ ಕೂರಬೇಕು ಎಂಬುದು ಕರಾರು. ಆಳುವವರು ಇಂಗ್ಲಿಷರಾಗಿದ್ದಾಗ ಮಾಡಿದ ಕರಾರು ಇದು ಎಂಬುದನ್ನು ಗಮನಿಸಿ. ಭೌತಶಾಸ್ತ್ರದ ಪಾಲಿತ್ ಪೀಠಕ್ಕೆ ಆಶುತೋಷರು ಆರಿಸಿದ್ದು ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಒಬ್ಬ ತರುಣನನ್ನು. ಅವರೇ ಚಂದ್ರಶೇಖರ ವೆಂಕಟರಾಮನ್. ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ಇನ್ನೊಂದು ಷರತ್ತೂ ಇತ್ತು. ರಾಮನ್ ಹೋಗುವುದಿಲ್ಲ ಎಂದರು. ಷರತ್ತನ್ನೇ ಸಡಿಲಿಸಲಾಯಿತು. ಸರ್ಕಾರಿ ಹುದ್ದೆಯಲ್ಲಿ ತಿಂಗಳಿಗೆ ಸುಮಾರು 1,100 ರೂಪಾಯಿ ಬರುತ್ತಿತ್ತು, ಪೀಠದ ಸಂಬಳ ಸುಮಾರು 600. 1917ರಲ್ಲಿ ರಾಮನ್ ಕಡಿಮೆ ಸಂಬಳಕ್ಕೆ ಬಂದರು. ಆ ಪೀಠದಲ್ಲಿದ್ದವರು ಪಾಠ ಮಾಡಲೇಬೇಕೆಂಬ ಕಡ್ಡಾಯ ಇರಲಿಲ್ಲ. ರಾಮನ್ ಮಾಡಿದರು.

ಪಾಠಕ್ಕೂ ಸಂಶೋಧನೆಗೂ ಸಂಬಂಧವೇ ಇಲ್ಲ, ಒಂದರಲ್ಲಿ ತೊಡಗಿದರೆ ಇನ್ನೊಂದಕ್ಕೆ ನಷ್ಟ ಎಂದು ಕೆಲವರು ನಿಮಗೆ ಹೇಳಬಹುದು. ಅದಕ್ಕೆ ಉತ್ತರವಾಗಿ ನನಗೆ ನೆನಪಾಗುವುದು ಎರಡು ತರಗತಿಗಳು.

ಒಂದು, 1820ರ ಏಪ್ರಿಲ್, ಕೋಪನ್‌ಹೇಗನ್. ಪ್ರಾಧ್ಯಾಪಕ ಅರ್ಸ್ಟೆಡ್ ಉಪನ್ಯಾಸದ ನಡುವೆ ತಂತಿಯೊಂದರಲ್ಲಿ ವಿದ್ಯುತ್ ಹರಿಸಿದರು. ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ಅಲುಗಿತು. ವಿದ್ಯುತ್ತಿಗೂ ಕಾಂತತ್ವಕ್ಕೂ ನಂಟಿದೆ ಎಂಬ ಸತ್ಯ ಕೇಳುಗರ ಕಣ್ಣೆದುರೇ ಹೊರಬಿತ್ತು. ಅಲುಗಾಟ ಎಷ್ಟು ಸಣ್ಣದೆಂದರೆ ಕುಳಿತವರಿಗೆ ಅದು ಅಷ್ಟೇನೂ ನಾಟಲಿಲ್ಲವಂತೆ. ನಮ್ಮ ಮೇಷ್ಟ್ರು ವಿದ್ಯುತ್ಕಾಂತತೆಯ ಪಾಠವನ್ನು ಇದನ್ನು ಮಾಡಿ ತೋರಿಸದೆ ಆರಂಭಿಸುತ್ತಿರಲಿಲ್ಲ. ಜೇಬಿನಿಂದ ಒಂದು ಪುಟ್ಟ ದಿಕ್ಸೂಚಿ, ಒಂದು ಟಾರ್ಚ್ ಸೆಲ್ಲು, ಒಂದು ಗೇಣು ತಾಮ್ರದ ತಂತಿ ತೆಗೆಯುವರು. ಹಿಂದಿನ ಬೆಂಚಿನವರನ್ನು ಮುಂದಕ್ಕೆ ಕರೆದು, ಎಲ್ಲರೂ ನೋಡಿದ ಮೇಲೆಯೇ ಕಪ್ಪು ಹಲಗೆಯ ಕಡೆ ತಿರುಗುವರು.

ಎರಡನೆಯದು ಢಾಕಾ. 1921ರಲ್ಲಿ ಅಲ್ಲಿನ ಹೊಸ ವಿಶ್ವವಿದ್ಯಾನಿಲಯಕ್ಕೆ ರೀಡರ್ ಆಗಿ ಹೋದ ಸತ್ಯೇಂದ್ರನಾಥ ಬೋಸರು ಪ್ಲಾಂಕ್ ಅವರ ವಿಕಿರಣ ನಿಯಮವನ್ನು ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿತ್ತು. ಆಗ ಪ್ರಚಲಿತವಿದ್ದ ನಿರೂಪಣೆಯಲ್ಲಿ ಒಂದು ಹೆಜ್ಜೆ ಹಳೆಯ ಭೌತಶಾಸ್ತ್ರದ್ದು, ಮುಂದಿನ ಹೆಜ್ಜೆ ಹೊಸದರದ್ದು. ಎರಡೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹುಡುಗರಿಗೆ ಇದನ್ನು ಪ್ರಾಮಾಣಿಕವಾಗಿ ಹೇಗೆ ಹೇಳಲಿ ಎಂಬ ತೊಳಲಾಟದಲ್ಲಿ ಬೋಸರು ಬೆಳಕಿನ ಕಣಗಳನ್ನು ಎಣಿಸುವ ಹೊಸದೇ ಒಂದು ವಿಧಾನವನ್ನು ಕಂಡುಕೊಂಡರು. 1924ರ ಜೂನ್ 4ರಂದು ಆ ಪ್ರಬಂಧವನ್ನು ಐನ್‌ಸ್ಟೈನ್ ಅವರಿಗೆ ಕಳುಹಿಸಿದರು. ಐನ್‌ಸ್ಟೈನ್ ಅದನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಣೆಗೆ ಕೊಟ್ಟರು. ಬೋಸರಿಗೆ ಡಾಕ್ಟರೇಟ್ ಇರಲಿಲ್ಲ. ಐನ್‌ಸ್ಟೈನರ ಶಿಫಾರಸು ಇತ್ತು. 1926ರಲ್ಲಿ ಪ್ರಾಧ್ಯಾಪಕರಾದರು. ಇಂದು ನೀವು ಪಠ್ಯಪುಸ್ತಕದಲ್ಲಿ ಓದುವ ‘ಬೋಸಾನ್’ ಎಂಬ ಹೆಸರಿನ ಹಿಂದೆ ಪಾಠದ ಸಿದ್ಧತೆಯಲ್ಲಿ ಕುಳಿತ ಒಬ್ಬ ಮೇಷ್ಟ್ರು ಇದ್ದಾರೆ.

ಆದರೆ ಇವೆರಡೂ ನಮಗೆ ತಿಳಿದದ್ದು ಹೇಗೆ? ಸಂಶೋಧನೆಯಾಗಿ ಅಚ್ಚಾದದ್ದರಿಂದ. ಪಾಠವಾಗಿಯಷ್ಟೇ ಉಳಿದಿದ್ದರೆ ಗಂಟೆ ಹೊಡೆದೊಡನೆ ಕಪ್ಪು ಹಲಗೆಯ ಬರಹದಂತೆ ಅಳಿಸಿಹೋಗುತ್ತಿದ್ದವು.

ಮತ್ತೆ ಮೈಸೂರಿಗೆ ಬರೋಣ, ಏಕೆಂದರೆ ಅಳಿಸಿಹೋಗುವ ಪಾಠವನ್ನು ಉಳಿಸಿಕೊಳ್ಳಲು ಅಲ್ಲಿ ಬೇರೆ ಬೇರೆ ದಾರಿಗಳು ಸಿಕ್ಕವು. ರಾಧಾಕೃಷ್ಣನ್ ಅವರ ಸಮಕಾಲೀನರಾಗಿ ಮಹಾರಾಜ ಕಾಲೇಜಿನಲ್ಲಿದ್ದ ಎಂ. ಹಿರಿಯಣ್ಣನವರು ಭಾರತೀಯ ತತ್ತ್ವಶಾಸ್ತ್ರದ ಬಗ್ಗೆ ಅನೇಕ ವರ್ಷ ಪಾಠ ಹೇಳಿದರು. ಆ ಪಾಠಗಳ ಆಧಾರದ ಮೇಲೆಯೇ ಅವರ ಪ್ರಸಿದ್ಧ ಇಂಗ್ಲಿಷ್ ಗ್ರಂಥ 1932ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಇಂದಿಗೂ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಕೈಯಲ್ಲಿ ಹಿಡಿಯುತ್ತಾರೆ. ಮೆರವಣಿಗೆ ಇಲ್ಲದೆಯೇ ತರಗತಿ ಉಳಿದುಕೊಂಡಿತು.

ಬಿ.ಎಂ. ಶ್ರೀಕಂಠಯ್ಯನವರದು ಇನ್ನೊಂದು ಬಗೆ. ಇಂಗ್ಲಿಷ್ ಪ್ರಾಧ್ಯಾಪಕರಾಗಿ ಕನ್ನಡದ ಹುಡುಗರಿಗೆ ಕನ್ನಡದ ಹುಚ್ಚು ಹಿಡಿಸಿದವರು ಅವರು. 1941ರಲ್ಲಿ ಶಿಷ್ಯರೂ ಮಿತ್ರರೂ ಸೇರಿ ತಮ್ಮ ಬರಹಗಳನ್ನು ಒಟ್ಟುಮಾಡಿ ‘ಸಂಭಾವನೆ’ ಎಂಬ ಗ್ರಂಥವನ್ನು ಅವರಿಗೆ ಅರ್ಪಿಸಿದರು. ಕನ್ನಡದ ಆರಂಭದ ಅಭಿನಂದನ ಗ್ರಂಥಗಳಲ್ಲಿ ಅದು ಒಂದು. ಗುರುವಿಗೆ ಬಿನ್ನವತ್ತಳೆ ಓದಿ, ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಡುವುದು ನಮ್ಮಲ್ಲಿ ಇದ್ದೇ ಇತ್ತು. ಆದರೆ ಗುರು ಕಲಿಸಿದ್ದನ್ನು ನಾವು ಏನು ಮಾಡಿದೆವು ನೋಡಿ ಎಂದು ಶಿಷ್ಯರು ಲೆಕ್ಕ ಒಪ್ಪಿಸುವ ಈ ಪದ್ಧತಿ ಬೇರೆ. (ಈಚೆಗೆ ಅಭಿನಂದನ ಗ್ರಂಥಗಳು ಹೊಗಳಿಕೆಯ ಮೂಟೆಗಳಾಗಿವೆ ಎಂಬ ದೂರನ್ನು ನೀವು ಕೇಳಿರಬಹುದು. ಕೆಲವನ್ನು ಓದಿದ ಮೇಲೆ ಆ ದೂರು ಪೂರ್ತಿ ಸುಳ್ಳೆಂದು ನಾನು ವಾದಿಸಲಾರೆ.)

ಮೂರನೆಯವರು ಟಿ.ಎಸ್. ವೆಂಕಣ್ಣಯ್ಯನವರು. 1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಮೊದಲಾದಾಗ ಕನ್ನಡದ ಮೊದಲ ಪ್ರಾಧ್ಯಾಪಕರು. ಆ ಮೊದಲ ತಂಡದಲ್ಲಿ ಕುಳಿತವರಲ್ಲಿ ಕೆ.ವಿ. ಪುಟ್ಟಪ್ಪನವರೂ ಒಬ್ಬರು. ವೆಂಕಣ್ಣಯ್ಯನವರ ಹೆಸರಿನಲ್ಲಿರುವ ಗ್ರಂಥರಾಶಿ ಅವರ ಪಾಂಡಿತ್ಯಕ್ಕೆ ಹೋಲಿಸಿದರೆ ಸಣ್ಣದು. ಹೊತ್ತೆಲ್ಲ ಶಿಷ್ಯರಿಗೆ ಸಂದುಹೋಯಿತು. 1939ರಲ್ಲಿ ತೀರಿಕೊಂಡರು. ಹತ್ತು ವರ್ಷದ ಬಳಿಕ, 1949ರಲ್ಲಿ, ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದ ಮೊದಲ ಸಂಪುಟ ಅಚ್ಚಾಗಿ ಬಂದಾಗ ಕುವೆಂಪು ಅದನ್ನು ಅರ್ಪಿಸಿದ್ದು ತಮ್ಮ ಗುರು ವೆಂಕಣ್ಣಯ್ಯನವರಿಗೆ. ಆ ಕಾವ್ಯಕ್ಕೆ ಕನ್ನಡದ ಮೊದಲ ಜ್ಞಾನಪೀಠ ಬಂತು, 1967ರ ಸಾಲಿನದು. ಪ್ರಶಸ್ತಿ ಶಿಷ್ಯನಿಗೆ ಬಂತು. ಪುಸ್ತಕ ತೆರೆದವರಿಗೆ ಮೊದಲು ಸಿಗುವ ಹೆಸರು ಮೇಷ್ಟ್ರದು. ಯಾವ ಸಮಿತಿಯೂ ಇಂಥದೊಂದನ್ನು ಏರ್ಪಡಿಸಲಾರದು.

ಆದರೆ ಎಲ್ಲ ಮೇಷ್ಟ್ರಿಗೂ ಒಬ್ಬ ಕುವೆಂಪು ಸಿಗುವುದಿಲ್ಲವಲ್ಲ! ಆದ್ದರಿಂದ ಸರ್ಕಾರದ ಗೌರವಗಳ ಕಡೆ ನೋಡಬೇಕು.

ಸ್ವಾತಂತ್ರ್ಯ ಬಂದ ಕೂಡಲೇ, 1949ರಲ್ಲಿ, ಭಾರತ ಸರ್ಕಾರ ‘ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕ’ ಎಂಬ ಪದವಿಯನ್ನು ಏರ್ಪಡಿಸಿತು. ಮೊದಲು ಅದನ್ನು ಪಡೆದವರು ಅಷ್ಟು ಹೊತ್ತಿಗೆ ಬೆಂಗಳೂರಿನಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದ್ದ ರಾಮನ್. 1959ರಲ್ಲಿ ಸತ್ಯೇಂದ್ರನಾಥ ಬೋಸರಿಗೂ ಅದು ಸಂದಿತು. ನೊಬೆಲ್ ಬಾರದೇ ಹೋದ ಬೋಸರಿಗೆ ದೇಶ ಕೊಟ್ಟ ದೊಡ್ಡ ಮನ್ನಣೆ ಅದು. 1954ರಲ್ಲಿ ಭಾರತರತ್ನ ಆರಂಭವಾದಾಗ ಮೊದಲ ಮೂವರಲ್ಲಿ ಇಬ್ಬರು ಪ್ರಾಧ್ಯಾಪಕರು: ರಾಧಾಕೃಷ್ಣನ್ ಮತ್ತು ರಾಮನ್. ಮೂರನೆಯವರು ರಾಜಾಜಿ. ಆ ಇಬ್ಬರೂ ಹುಟ್ಟಿದ್ದು 1888ರಲ್ಲಿ, ಎರಡೇ ತಿಂಗಳ ಅಂತರದಲ್ಲಿ. ಇಬ್ಬರೂ ಕಲ್ಕತ್ತಾದ ಪೀಠಗಳಲ್ಲಿ ಒಂದೇ ಕಾಲಕ್ಕೆ ಇದ್ದವರು. ಹೊಸ ಗಣರಾಜ್ಯ ತನ್ನ ಅತ್ಯುನ್ನತ ಗೌರವವನ್ನು ಮೊದಲು ಹಂಚುವಾಗ ವಿಶ್ವವಿದ್ಯಾನಿಲಯಗಳ ಕಡೆ ತಿರುಗಿ ನೋಡಿತೆಂಬುದು ಸಣ್ಣ ಮಾತಲ್ಲ.

ಇನ್ನು 1958ನೆಯ ಇಸವಿಯನ್ನು ಗಮನಿಸಿ. ಆ ವರ್ಷ ಎರಡು ಗೌರವಗಳು ಆರಂಭವಾದವು. ಒಂದು, ಶಾಂತಿಸ್ವರೂಪ ಭಟ್ನಾಗರ್ ಬಹುಮಾನ. ಮೊದಲ ಬಹುಮಾನ ರಾಮನ್ ಅವರ ಸಹಸಂಶೋಧಕ ಕೆ.ಎಸ್. ಕೃಷ್ಣನ್ ಅವರಿಗೆ. ಮುಂದೆ ವಿಶ್ವವಿದ್ಯಾನಿಲಯಗಳ ಅನೇಕ ವಿಜ್ಞಾನಿಗಳು ಅದನ್ನು ಪಡೆದರು, ತಮ್ಮ ಸಂಶೋಧನೆಗಾಗಿ. ಇನ್ನೊಂದು, ಶಿಕ್ಷಕರಿಗೆ ಕೊಡುವ ರಾಷ್ಟ್ರ ಪ್ರಶಸ್ತಿ. ಇದು ಪಾಠಕ್ಕೆ ಕೊಡುವ ಪ್ರಶಸ್ತಿ. ಆದರೆ ಶಾಲಾ ಶಿಕ್ಷಕರಿಗೆ ಮಾತ್ರ. ಈ ಎರಡರ ನಡುವೆ ಯಾರು ಬಿಟ್ಟುಹೋದರು, ಹೇಳಿ? ಕಾಲೇಜಿನಲ್ಲಿ ಪಾಠ ಹೇಳುವವರು. ಅವರು ಶಾಲೆಯವರಲ್ಲ, ಆದ್ದರಿಂದ ಶಿಕ್ಷಕ ಪ್ರಶಸ್ತಿಯ ವ್ಯಾಪ್ತಿಗೆ ಬರಲಿಲ್ಲ. ಪ್ರಯೋಗಾಲಯವಿಲ್ಲದ ಊರಿನಲ್ಲಿದ್ದರೆ ಸಂಶೋಧನೆಯ ಬಹುಮಾನದ ದಾರಿಯೂ ಇರಲಿಲ್ಲ. 1962ರಲ್ಲಿ ರಾಧಾಕೃಷ್ಣನ್ ರಾಷ್ಟ್ರಪತಿಗಳಾದಾಗ ಅವರ ಹುಟ್ಟಿದ ದಿನವೇ ಶಿಕ್ಷಕರ ದಿನವಾಯಿತು. ಕಾಲೇಜು ಮೇಷ್ಟ್ರಾಗಿ ಹೆಸರಾದವರ ಹುಟ್ಟುಹಬ್ಬದಂದು ಕೊಡುವ ರಾಷ್ಟ್ರ ಪ್ರಶಸ್ತಿಯಲ್ಲಿ ಕಾಲೇಜು ಮೇಷ್ಟ್ರಿಗೆ ಜಾಗವಿರಲಿಲ್ಲ! ಆ ಜಾಗ ಸಿಕ್ಕಿದ್ದು 2023ರಲ್ಲಿ. ಆ ವರ್ಷ ಪ್ರಶಸ್ತಿಯನ್ನು ಉನ್ನತ ಶಿಕ್ಷಣಕ್ಕೂ ವಿಸ್ತರಿಸಿ, 75 ಮಂದಿ ಪುರಸ್ಕೃತರಲ್ಲಿ 13 ಜನರನ್ನು ಉನ್ನತ ಶಿಕ್ಷಣದಿಂದ ಆರಿಸಲಾಯಿತು. 1958ರಿಂದ ಲೆಕ್ಕ ಹಾಕಿದರೆ 65 ವರ್ಷ.

ಇಷ್ಟು ತಡವಾದದ್ದಕ್ಕೆ ಸರ್ಕಾರಗಳನ್ನಷ್ಟೇ ದೂರುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ಕಷ್ಟ ಅಳತೆಯಲ್ಲಿದೆ. ಸಂಶೋಧನಾ ಪ್ರಬಂಧವನ್ನು ದೆಹಲಿಯಲ್ಲಿ ಕುಳಿತವರೂ ಓದಿ ತೂಗಬಹುದು. ಕೋಲಾರದಲ್ಲೋ ಕೊಪ್ಪಳದಲ್ಲೋ ಬೆಳಗಿನ ಮೊದಲ ಪಿರಿಯಡ್‌ನಲ್ಲಿ ನಡೆದ ಪಾಠವನ್ನು ತೂಗುವುದು ಹೇಗೆ? ಅದನ್ನು ಕಂಡವರು ನೀವು ಮಾತ್ರ. ಅಮೆರಿಕದಲ್ಲಿ ಭೌತಶಾಸ್ತ್ರದ ಅಧ್ಯಾಪಕರ ಸಂಘ 1936ರಲ್ಲೇ ಬೋಧನೆಗೆಂದು ಒಂದು ಪದಕ ಆರಂಭಿಸಿತು. ಪಾಠದ ನಡುವೆ ಮುಳ್ಳು ಅಲುಗಿಸಿದ ಅದೇ ಅರ್ಸ್ಟೆಡ್ ಅವರ ಹೆಸರಿನಲ್ಲಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ 1959ರಿಂದ ಶ್ರೇಷ್ಠ ಬೋಧನೆಗೆ ಪ್ರತ್ಯೇಕ ಪ್ರಶಸ್ತಿ ಕೊಡುತ್ತಿದೆ. ಆದರೆ ಅಲ್ಲಿಯೂ ಅಳತೆಯ ಕಷ್ಟ ತೀರಿಲ್ಲ. ವಿದ್ಯಾರ್ಥಿಗಳ ಅಭಿಪ್ರಾಯವನ್ನೇ ನಂಬಿದರೆ ನಗಿಸುವವರು, ಕೈಬಿಚ್ಚಿ ಅಂಕ ಕೊಡುವವರು ಮುಂದೆ ಬರಬಹುದು. ನಂಬದಿದ್ದರೆ ಕಂಡವರ ಸಾಕ್ಷಿಯನ್ನೇ ತಳ್ಳಿಹಾಕಿದಂತೆ. ನ್ಯೂಟನ್ನರ ಖಾಲಿ ಬೆಂಚುಗಳನ್ನು ನೆನಪಿನಲ್ಲಿಡಿ ಎಂದದ್ದು ಇದಕ್ಕೇ. ಬೆಂಚು ತುಂಬಿದ್ದರಿಂದ ವಿದ್ವತ್ತು ಗೊತ್ತಾಗುವುದಿಲ್ಲ. ವಿದ್ವತ್ತಿನಿಂದ ಬೆಂಚು ತುಂಬುವುದೂ ಇಲ್ಲ.

ರಿಚರ್ಡ್ ಫೈನ್‌ಮನ್ ಅವರಿಗೆ 1972ರಲ್ಲಿ ಆ ಅರ್ಸ್ಟೆಡ್ ಪದಕ ಬಂತು. 1961ರಿಂದ 1963ರವರೆಗೆ ಕ್ಯಾಲ್ಟೆಕ್‌ನಲ್ಲಿ ಅವರು ಹೊಸ ವಿದ್ಯಾರ್ಥಿಗಳಿಗೆ ಮಾಡಿದ ಪಾಠಗಳು ಜಗತ್ಪ್ರಸಿದ್ಧ. ಅವು ನಮಗೆ ದೊರೆತದ್ದು ಅಲ್ಲಿಯವರು ಪ್ರತಿ ಪಾಠವನ್ನೂ ಟೇಪಿನಲ್ಲಿ ಹಿಡಿದು, ಕಪ್ಪು ಹಲಗೆಯ ಚಿತ್ರ ತೆಗೆದಿಟ್ಟದ್ದರಿಂದ. ಪುಸ್ತಕದ ಮುನ್ನುಡಿಯಲ್ಲಿ ಫೈನ್‌ಮನ್ ಮಾತ್ರ, ವಿದ್ಯಾರ್ಥಿಗಳ ದೃಷ್ಟಿಯಿಂದ ತಾನು ಅಷ್ಟೇನೂ ಗೆಲ್ಲಲಿಲ್ಲ ಎಂಬ ಅನುಮಾನವನ್ನೇ ತೋಡಿಕೊಂಡಿದ್ದಾರೆ.

ಟೇಪಿನ ಮಾತು ಬಂದದ್ದರಿಂದ ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಅಂದು ಸ್ಟುಡಿಯೋಗೆ ಬಂದ ಮೇಷ್ಟ್ರು ಮಾತಿನ ನಡುವೆ ಜೇಬಿಗೆ ಕೈಹಾಕಿದರು. ಅದೇ ದಿಕ್ಸೂಚಿ, ಸೆಲ್ಲು, ತಂತಿ. “ಇದನ್ನು ತೋರಿಸಬಹುದೇನಪ್ಪ?” ಎಂದರು. ಕ್ಯಾಮೆರಾದವರು ಹತ್ತಿರ ಬಂದರು. ಮುಳ್ಳು ಅಲುಗಿತು. ದೀಪಗಳನ್ನು ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಬಿಟ್ಟು ಬಗ್ಗಿ ನೋಡಿ, “ಸಾರ್, ತಂತಿ ತಿರುಗಿಸಿ ಹಿಡಿದರೆ?” ಎಂದು ಕೇಳಿದ. ಮೇಷ್ಟ್ರು ಸೆಲ್ಲನ್ನು ಅವನ ಕೈಗೇ ಕೊಟ್ಟು, “ನೀನೇ ಮಾಡಿ ನೋಡು” ಎಂದರು. ಮುಳ್ಳು ಆ ಕಡೆಗೆ ಹೋಯಿತು. ಹುಡುಗ ನಕ್ಕ.

ಸಂಕಲನದ ಹೊತ್ತಿನಲ್ಲಿ ಕಾರ್ಯಕ್ರಮ ನಾಲ್ಕು ನಿಮಿಷ ಹೆಚ್ಚಾಗಿತ್ತು. ಅವರ ಬಾಲ್ಯ, ಓದು, ಊರಿನ ನೆನಪುಗಳನ್ನು ಉಳಿಸಿಕೊಂಡು ಈ ಭಾಗವನ್ನು ನಾನೇ ಕತ್ತರಿಸಿದೆ. ಪ್ರಸಾರವಾದ ಮೇಲೆ ಅವರ ಹಳೆಯ ವಿದ್ಯಾರ್ಥಿಯೊಬ್ಬರು ಫೋನ್ ಮಾಡಿದರು. ವಿದ್ಯುತ್ ಉಪಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದವರು. ಮೇಷ್ಟ್ರ ವಿಳಾಸ ಕೇಳಿಕೊಂಡರು. ಆಮೇಲೆ, “ಆ ಮುಳ್ಳಿನದು ತೋರಿಸಲೇ ಇಲ್ಲವಾ ಸಾರ್ ಅವರು?” ಎಂದರು.

ತೋರಿಸಿದರು ಎಂದೆ. ಆ ಟೇಪನ್ನು ಅಷ್ಟರಲ್ಲಿ ಬೇರೊಂದು ಧ್ವನಿಮುದ್ರಣಕ್ಕೆ ಬಳಸಿಯಾಗಿತ್ತು.